ಬೈಗುಳ ಬಿಡಿಸುವ ನಾಲ್ಕು ವಾರ: ಪೋಷಕರ ಕೂಟ ನಡೆಸುವವರಿಗೆ ಮಾರ್ಗದರ್ಶಿ

ಮಗುವಿಗೆ ಹೊಡೆಯಬಾರದು ಎಂದರೆ ಈಗ ಹೆಚ್ಚಿನ ತಂದೆತಾಯಿ ತಲೆಯಾಡಿಸುತ್ತಾರೆ. ‘ಹಾಗಾದ್ರೆ ಬೈಯಲೂ ಬಾರದಾ?’ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದ ಕೂಡಲೇ ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ಉತ್ತರ ನಿಮಗೆ ಮೊದಲೇ ಗೊತ್ತಿರಲಿ: ಗದರಬಹುದು. ರಸ್ತೆಗೆ ಓಡಿದ ಮಗುವನ್ನು ಗದರಿ ಹಿಂದಕ್ಕೆಳೆದುಕೊಳ್ಳುವುದು ಹಿಂಸೆಯಲ್ಲ. ‘ಯಾಕಾದ್ರೂ ಹುಟ್ಟಿದ್ಯೋ’ ಎಂಬ ಮಾತು ವಾರಕ್ಕೆ ನಾಲ್ಕು ಸಲ ಅದೇ ಮಗುವಿನ ಕಿವಿಗೆ ಬೀಳುತ್ತಿದ್ದರೆ ಅದು ಹಿಂಸೆ. ಇವೆರಡರ ನಡುವಿನ ಗೆರೆಯನ್ನು ಪೋಷಕರ ಕೈಯಲ್ಲೇ ಎಳೆಸಿ, ಕೆಟ್ಟ ಮಾತಿನ ಜಾಗಕ್ಕೆ ಇನ್ನೊಂದು ಮಾತನ್ನು ರೂಢಿ ಮಾಡಿಸುವುದಷ್ಟೇ ಈ ನಾಲ್ಕು ವಾರದ ಕೆಲಸ. ಅಂಗನವಾಡಿ ಕಾರ್ಯಕರ್ತೆ, ಶಾಲಾ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಸ್ವಸಹಾಯ ಸಂಘದವರು, ಅಪಾರ್ಟ್‌ಮೆಂಟಿನ ಪೋಷಕರ ಗುಂಪು ಹೀಗೆ ಯಾರು ಬೇಕಾದರೂ ನಡೆಸಬಹುದು. ಮನೋವೈದ್ಯರೇ ಬೇಕೆಂದಿಲ್ಲ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಪ್ರತಿ ಇಬ್ಬರಲ್ಲಿ ಒಂದು ಮಗು ಭಾವನಾತ್ಮಕ ಹಿಂಸೆಗೆ ಒಳಗಾಗಿದ್ದಾಗಿ ಹೇಳಿತು. ಅಂಥ ಪ್ರಕರಣಗಳಲ್ಲಿ ಶೇ 83ರಲ್ಲಿ ಹಿಂಸೆ ಕೊಟ್ಟವರು ತಂದೆತಾಯಿಯೇ. ಈ ಅಂಕಿ ನಿಮ್ಮ ತಿಳಿವಳಿಕೆಗಿರಲಿ, ಸಭೆಯಲ್ಲಿ ಬೇಡ. ಅಂಕಿ ಕೇಳಿದವರಿಗೆ ಅದು ಬೇರೆಯವರ ಮನೆಯ ಸುದ್ದಿ ಅನ್ನಿಸುತ್ತದೆ.

ಕರೆಯುವ ಮೊದಲು

ಗುಂಪಿನಲ್ಲಿ 12ರಿಂದ 15 ಜನ ಸಾಕು. 20 ದಾಟಿದರೆ ಕೂಟ ಹೋಗಿ ಭಾಷಣವಾಗುತ್ತದೆ, ಮಾತಾಡಬೇಕಾದವರು ಮೂಲೆ ಹಿಡಿಯುತ್ತಾರೆ. ವಾರಕ್ಕೊಂದು ದಿನ, 90 ನಿಮಿಷ. ಮಾರ್ಕ್ಸ್ ಕಾರ್ಡ್ ಕೊಡುವ ದಿನ ಮಾತ್ರ ಇಟ್ಟುಕೊಳ್ಳಬೇಡಿ, ಅವತ್ತು ಯಾರ ಮನಸ್ಸೂ ನೆಟ್ಟಗಿರುವುದಿಲ್ಲ. ಹಳ್ಳಿಯಲ್ಲಾದರೆ ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ, ಪೇಟೆಯಲ್ಲಾದರೆ ಭಾನುವಾರ ಬೆಳಿಗ್ಗೆ. ಗಂಡಸರು ಬರಬೇಕೆಂದಿದ್ದರೆ ತಾಯಂದಿರ ಕೈಯಲ್ಲಿ ಹೇಳಿ ಕಳಿಸಿ ಪ್ರಯೋಜನವಿಲ್ಲ. ಅವರಿಗೇ ಫೋನ್ ಮಾಡಿ, ಹೆಸರು ಹಿಡಿದು ಕರೆಯಿರಿ. ಮನೆಯಲ್ಲಿ ಮಗುವನ್ನು ದಿನವಿಡೀ ನೋಡಿಕೊಳ್ಳುವವರು ಅಜ್ಜಿಯಾಗಿದ್ದರೆ ಅಜ್ಜಿಯೇ ಬರಲಿ.

ಆಮಂತ್ರಣದಲ್ಲಿ ‘ದೌರ್ಜನ್ಯ’, ‘ಹಿಂಸೆ’ ಎಂದು ಬರೆದರೆ ಯಾರೂ ಬರುವುದಿಲ್ಲ, ಬಂದವರೂ ತಪ್ಪಿತಸ್ಥರಂತೆ ಕೂರುತ್ತಾರೆ. ‘ಮಕ್ಕಳು ಮಾತು ಕೇಳಬೇಕಾದರೆ ಏನು ಮಾಡಬೇಕು’ ಎಂದು ಬರೆಯಿರಿ. ಅದು ಸುಳ್ಳೂ ಅಲ್ಲ, ಮೂರನೇ ವಾರದಲ್ಲಿ ನೀವು ಕಲಿಸುವುದು ಅದನ್ನೇ.

ಬೇಕಾಗುವ ಸಾಮಾನು ಕಡಿಮೆ: ಎರಡು ಬಣ್ಣದ ಮಾರ್ಕರ್, ದೊಡ್ಡ ಹಾಳೆ ನಾಲ್ಕು, ತಲೆಗೆ ಎರಡರಂತೆ ಚೀಟಿ, ಕುಡಿಯುವ ನೀರು. ಜಮಖಾನದ ಮೇಲೆ ದುಂಡಗೆ ಕೂರಿಸಿ, ನೀವೂ ನೆಲದ ಮೇಲೇ ಕೂರಿ. ನಿಮ್ಮ ಜೊತೆ ಇನ್ನೊಬ್ಬರಿರಲಿ. ಯಾರಾದರೂ ಅತ್ತು ಎದ್ದು ಹೋದರೆ ಅವರ ಹಿಂದೆ ಹೋಗಬೇಕಾದವರು ಈ ಜೊತೆಗಾರರು. ಕಂಕುಳಲ್ಲಿರುವ ಕೂಸನ್ನು ಬಿಟ್ಟು ಬೇರೆ ಮಕ್ಕಳು ಆ ಕೋಣೆಯಲ್ಲಿರಬಾರದು. ಇದ್ದರೆ ‘ನೋಡಿ, ಇವನೇ’ ಎಂದು ಎಲ್ಲರ ಎದುರು ಬೆರಳು ತೋರಿಸುವುದು ಖಂಡಿತ, ಯಾವುದನ್ನು ಬಿಡಿಸಲು ಹೊರಟಿದ್ದೇವೋ ಅದು ಅಲ್ಲೇ ನಡೆದುಹೋಗುತ್ತದೆ.

ಶುರುವಿಗೇ ಒಂದು ನಿಯಮ ಹೇಳಿಬಿಡಿ. ಇಲ್ಲಿ ಕೇಳಿದ್ದು ಹೊರಗೆ ಹೋಗುವುದಿಲ್ಲ. ಆದರೆ ಮಗುವಿನ ಜೀವಕ್ಕೆ ಅಪಾಯವಿದೆ, ಅಥವಾ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಸುಮ್ಮನಿರಲು ಬರುವುದಿಲ್ಲ. 2012ರ ಪೋಕ್ಸೊ ಕಾಯ್ದೆಯಡಿ ಅಂಥ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ಗುಟ್ಟು ಕಾಪಾಡುತ್ತೇನೆಂದು ಮೊದಲು ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಇದು ಮೇಲು.

ಮೊದಲ ವಾರ: ಮಾತುಗಳನ್ನು ಹೆಕ್ಕುವುದು

‘ನೀವು ಮಕ್ಕಳಿಗೆ ಏನಂತ ಬೈಯುತ್ತೀರಿ?’ ಎಂದು ಕೇಳಬೇಡಿ. ಎಲ್ಲರೂ ‘ನಮ್ಮನೇಲಿ ಹಾಗೆಲ್ಲ ಇಲ್ಲ’ ಎನ್ನುತ್ತಾರೆ. ‘ನೀವು ಚಿಕ್ಕವರಿದ್ದಾಗ ನಿಮಗೆ ಯಾವ ಮಾತು ಹೇಳುತ್ತಿದ್ದರು?’ ಎಂದು ಕೇಳಿ. ನಿಮಿಷದೊಳಗೆ ಹಾಳೆ ತುಂಬುತ್ತದೆ: ‘ದಂಡಪಿಂಡ’, ‘ದನ ಕಾಯೋಕೆ ಲಾಯಕ್ಕು’, ‘ನಿನ್ನ ತಿಪ್ಪೆಯಿಂದ ಎತ್ಕೊಂಡು ಬಂದಿದ್ದು’, ‘ಪಕ್ಕದ ಮನೆಯವನ ಕಾಲು ತೊಳೆದು ನೀರು ಕುಡಿ’, ‘ಗುಮ್ಮನ್ನ ಕರೀತೀನಿ’, ‘ಇನ್ನೊಂದು ಹೆಣ್ಣಾಯ್ತಲ್ಲ ಅಂತ ಅವತ್ತೇ ಅತ್ತಿದ್ದೆ’. ಮೊದಮೊದಲು ನಗು ಬರುತ್ತದೆ, ಬರಲಿ. ಒಂದೊಂದನ್ನೂ ಹೇಳಿದಂತೆಯೇ ಬರೆಯಿರಿ, ತಿದ್ದಬೇಡಿ. ಬರೆದಾದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಯಾವುದು ಇವತ್ತಿಗೂ ನೆನಪಾದರೆ ಚುಚ್ಚುತ್ತದೆ? ಅವುಗಳ ಸುತ್ತ ಕೆಂಪು ಮಾರ್ಕರಿನಲ್ಲಿ ಗೆರೆ ಹಾಕಿ. ಈ ಹೊತ್ತಿಗೆ ಕೋಣೆ ತಾನಾಗಿ ತಣ್ಣಗಾಗಿರುತ್ತದೆ. ನೀವು ಏನೂ ಉಪದೇಶ ಮಾಡಬೇಕಿಲ್ಲ.

ಆಮೇಲೆ ವಿಂಗಡಣೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಾರ್ಬರಿನೊ ಮತ್ತು ಸಂಗಡಿಗರು 1986ರಲ್ಲಿ ಮಕ್ಕಳ ಮೇಲಿನ ಮಾನಸಿಕ ಹಿಂಸೆಯನ್ನು ಐದು ಬಗೆಯಾಗಿ ವಿಂಗಡಿಸಿದರು. ನಮ್ಮ ಮನೆಗಳಿಗೆ ಅದು ಹೊಂದುತ್ತದೆ. ಒಂದು, ತಿರಸ್ಕಾರ: ನೀನು ಬೇಡ, ನೀನು ಪ್ರಯೋಜನವಿಲ್ಲ, ನೀನು ಕಪ್ಪು. ಎರಡು, ಹೆದರಿಸುವುದು: ಗುಮ್ಮ, ಪೊಲೀಸ್, ಇಂಜೆಕ್ಷನ್, ಹಾಸ್ಟೆಲ್, ‘ನಾನು ಬಾವಿಗೆ ಬೀಳ್ತೀನಿ’. ಮೂರು, ಒಂಟಿ ಮಾಡುವುದು: ಬಚ್ಚಲಲ್ಲಿ ಕೂಡಿಹಾಕುವುದು, ಯಾರ ಜೊತೆಯೂ ಆಡಲು ಬಿಡದಿರುವುದು. ನಾಲ್ಕು, ಕಂಡೂ ಕಾಣದಂತಿರುವುದು: ದಿನಗಟ್ಟಲೆ ಮಾತು ಬಿಡುವುದು, ಮಗು ಕರೆದರೂ ಫೋನಿನಿಂದ ಕಣ್ಣೆತ್ತದಿರುವುದು. ಐದು, ಕೆಡಿಸುವುದು: ಸುಳ್ಳು ಹೇಳಿಸುವುದು, ಕುಡಿಯಲು ತರಿಸುವುದು, ಗಂಡಹೆಂಡಿರ ಜಗಳದಲ್ಲಿ ಗೂಢಚಾರನಾಗಿ ಬಳಸುವುದು. ಹಾಳೆಯ ಮೇಲಿನ ಒಂದೊಂದು ಮಾತೂ ಯಾವ ಬಗೆಗೆ ಸೇರುತ್ತದೆಂದು ಪೋಷಕರೇ ಹೇಳಲಿ. ಕೆಲವು ಮಾತು ಎರಡು ಕಡೆಗೂ ಸೇರುತ್ತವೆ, ಜಗ್ಗಾಡುತ್ತಾ ಕೂರಬೇಡಿ.

ಒಂದು ಸಲ ಬಾಯಿ ಜಾರಿದ್ದಕ್ಕೂ ರೂಢಿಗೂ ವ್ಯತ್ಯಾಸ ಹೇಳದಿದ್ದರೆ ಪ್ರತಿಯೊಬ್ಬ ತಾಯಿಯೂ ತಾನು ಪಾಪಿ ಎಂದುಕೊಂಡು ಮನೆಗೆ ಹೋಗಿ ಮುಂದಿನ ವಾರ ಬರುವುದೇ ಇಲ್ಲ. ನಾಲ್ಕು ಪ್ರಶ್ನೆ ಕೊಡಿ. ಮಾತು ತಪ್ಪಿನ ಮೇಲಿತ್ತೋ, ಮಗುವಿನ ಮೇಲಿತ್ತೋ? ಎಷ್ಟು ಸಲ? ಯಾರ ಎದುರಿಗೆ? ಆಮೇಲೆ ನೀವಿಬ್ಬರೂ ಸರಿಹೋದಿರಾ, ಇಲ್ಲವಾ? ‘ಚೆಲ್ಲಿದ ಹಾಲು ಒರೆಸು’ ಎಂಬುದು ತಪ್ಪಿನ ಮೇಲಿನ ಮಾತು. ‘ನೀನು ಮುಟ್ಟಿದ್ದೆಲ್ಲ ಹಾಳು’ ಎಂಬುದು ಮಗುವಿನ ಮೇಲಿನ ಮಾತು. ಗಟ್ಟಿ ದನಿಯೋ ಮೆಲುದನಿಯೋ ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ, ನಗುನಗುತ್ತಾ ಆಡಿದ ತಿರಸ್ಕಾರವೂ ತಿರಸ್ಕಾರವೇ.

ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: ‘ನಾವೂ ಹಾಗೇ ಬೆಳೆದ್ವಿ, ಏನಾಯ್ತು ಈಗ?’ ವಾದಕ್ಕಿಳಿಯಬೇಡಿ. ಕೆಂಪು ಗೆರೆ ಹಾಕಿದ ಹಾಳೆಯತ್ತ ಕೈ ತೋರಿಸಿ, ‘ಇದು ಮರೆತಿಲ್ಲವಲ್ಲ’ ಎಂದಷ್ಟೇ ಹೇಳಿ ಮುಂದೆ ಹೋಗಿ. ಇನ್ನೊಬ್ಬರು ‘ಇವರ ಮನೇದು ದಿನಾ ನಮಗೆ ಕೇಳ್ಸುತ್ತೆ’ ಎಂದು ಪಕ್ಕದವರನ್ನು ತೋರಿಸಿದರೆ ಅಲ್ಲೇ ತಡೆಯಿರಿ. ತಡೆಯುವಾಗ ನಿಮ್ಮ ದನಿ ಏರದಿರಲಿ. ಪೋಷಕರನ್ನು ಗದರಿಸಿ ಬೈಯಬೇಡಿರೆಂದು ಕಲಿಸಿದರೆ ಅವರು ಕಲಿತು ಹೋಗುವುದು ಗದರುವುದನ್ನೇ.

ಮನೆಗೆಲಸ: ತಾನು ಹೆಚ್ಚಾಗಿ ಬಳಸುವ ಒಂದೇ ಒಂದು ಮಾತನ್ನು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಬೇಕು. ಅದು ಬಾಯಿಂದ ಬಂದ ದಿನ ಗೋಡೆಯ ಕ್ಯಾಲೆಂಡರಿನ ಆ ತಾರೀಖಿನ ಮೇಲೆ, ಬಂದಷ್ಟು ಸಲ, ಸಣ್ಣ ಗೀಟು. ಕಡಿಮೆ ಮಾಡಲು ಹೋಗಬೇಕಿಲ್ಲ, ಎಣಿಸಿದರೆ ಸಾಕು. ಈಗಲೇ ಚೀಟಿ ಯಾರಿಗೂ ತೋರಿಸಬೇಕಿಲ್ಲ.

ಎರಡನೇ ವಾರ: ಯಾವ ವಯಸ್ಸಿಗೆ ಏನು ನಾಟುತ್ತದೆ

ಗೀಟುಗಳು ದಿನದ ಯಾವ ಹೊತ್ತಿಗೆ ಬಿದ್ದವು ಎಂದು ಕೇಳಿ. ಬೆಳಿಗ್ಗೆ ಶಾಲೆಗೆ ಹೊರಡಿಸುವಾಗ, ಸಂಜೆ ಹೋಂವರ್ಕ್, ರಾತ್ರಿ ಊಟ: ಬಹುಪಾಲು ಈ ಮೂರರಲ್ಲೇ ಸಿಗುತ್ತದೆ. ಎಂದರೆ ತಾಯಿಗೆ ದಿನವಿಡೀ ತಾಳ್ಮೆ ಬೇಕಿಲ್ಲ, ಆ ಅರ್ಧ ಗಂಟೆಗೆ ಒಂದು ಉಪಾಯ ಬೇಕು. ಹಿಂದಿನ ರಾತ್ರಿಯೇ ಬ್ಯಾಗ್, ಸಾಕ್ಸ್, ಟೈ ಒಂದೆಡೆ ಇಟ್ಟರೆ ಬೆಳಗಿನ ಬೈಗುಳದಲ್ಲಿ ದೊಡ್ಡ ಪಾಲು ಕರಗುತ್ತದೆ. ಇಂಥ ಸಣ್ಣ ಸಂಗತಿಗೆ ಸಮಯ ಕೊಡಲು ಹಿಂಜರಿಯಬೇಡಿ.

ಎರಡು ವರ್ಷದೊಳಗಿನ ಕೂಸಿಗೆ ಮಾತಿನ ಅರ್ಥ ಪೂರ್ತಿ ತಿಳಿಯದು, ಮುಖ ತಿಳಿಯುತ್ತದೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಸಂಶೋಧಕರು ತಾಯಂದಿರಿಗೆ ಮಗುವಿನ ಜೊತೆ ಆಡುತ್ತಿದ್ದಾಗ ನಡುವೆ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂರಲು ಹೇಳಿದರು. ಕೂಸು ನಕ್ಕು ನೋಡಿತು, ಕೈಚಾಚಿತು, ಕೂಗಿತು, ಕೊನೆಗೆ ಮುಖ ತಿರುಗಿಸಿತು. ಮೊಬೈಲಿನಲ್ಲಿ ಮುಳುಗಿದ ಮುಖವೂ ಕೂಸಿಗೆ ಕಾಣುವುದು ಹೆಚ್ಚುಕಡಿಮೆ ಹಾಗೆಯೇ. ಮೊಲೆಯೂಡುವಾಗ, ತುತ್ತಿಡುವಾಗ ಫೋನ್ ಬೇರೆ ಕೋಣೆಯಲ್ಲಿರಲಿ ಎಂಬ ಒಂದೇ ನಿಯಮ ಸಾಕು.

ಮೂರರಿಂದ ಆರರ ಮಗು ಹೇಳಿದ್ದನ್ನೆಲ್ಲ ನಂಬುತ್ತದೆ. ತಿಪ್ಪೆಯಿಂದ ತಂದದ್ದು ಎಂಬುದು ನಿಮಗೆ ತಮಾಷೆ, ಅದಕ್ಕೆ ಸಮಾಚಾರ. ತಂಗಿ ಹುಟ್ಟಿದ ಮನೆಯಲ್ಲಿ ‘ಇನ್ನು ನಿನ್ನ ಯಾರು ಕೇಳ್ತಾರೆ’ ಎಂದು ನೆಂಟರು ಕೆಣಕುವುದು ಇದೇ ವಯಸ್ಸಿನ ಮಗುವನ್ನು. ಪೊಲೀಸ್ ಮತ್ತು ಡಾಕ್ಟರನ್ನು ಬೆದರಿಕೆಗೆ ಬಳಸಿದರೆ ಇನ್ನೊಂದು ನಷ್ಟವೂ ಇದೆ: ಜಾತ್ರೆಯಲ್ಲಿ ಕಳೆದುಹೋದ ಮಗು ಪೊಲೀಸರನ್ನು ಕಂಡು ಅಡಗಿಕೊಳ್ಳುತ್ತದೆ. ಶಾಲೆಯ ವಯಸ್ಸಿಗೆ ಹೋಲಿಕೆ ನಾಟುತ್ತದೆ. ಅದರಲ್ಲೂ ಒಡಹುಟ್ಟಿದವರ ಜೊತೆಗಿನ ಹೋಲಿಕೆ ಇಬ್ಬರನ್ನೂ ಕೆಡಿಸುತ್ತದೆ, ಹೊಗಳಿಸಿಕೊಂಡವರು ಬಿದ್ದುಹೋಗುವ ಹೆದರಿಕೆಯಲ್ಲೇ ಇರುತ್ತಾರೆ.

ಹದಿಹರೆಯದಲ್ಲಿ ಎರಡು ಸಂಗತಿಗೆ ಹೆಚ್ಚು ಹೊತ್ತು ಕೊಡಿ. ಮಾತು ಬಿಡುವುದು ಒಂದು. ಕೋಪ ಬಂದಾಗ ಅರ್ಧ ಗಂಟೆ ಸುಮ್ಮನಿರುವುದು ಒಳ್ಳೆಯದೇ, ಹಾಗೆಂದು ಹೇಳಿ ಹೋಗಬೇಕು: ‘ಈಗ ಕೋಪದಲ್ಲಿದೀನಿ, ಊಟ ಆದ್ಮೇಲೆ ಮಾತಾಡೋಣ’. ಏನೂ ಹೇಳದೆ ಮೂರು ದಿನ ಮೌನ ಹಿಡಿದು, ‘ನಿಮ್ಮಪ್ಪಂಗೆ ಹೇಳು ಊಟ ಆಯ್ತಂತೆ’ ಎಂದು ಮಗುವನ್ನು ನಡುವೆ ಓಡಾಡಿಸುವುದು ಶಿಕ್ಷೆ. ಇನ್ನೊಂದು, ‘ನಾನು ಸತ್ತರೆ ನಿಮಗೆ ಬುದ್ಧಿ ಬರುತ್ತೆ’ ಎಂಬ ಮಾತು. ಹೇಳಿದವರಿಗೆ ಅದು ಬೇಸರದ ಉದ್ಗಾರ, ಆದರೆ ಮಗು ಅಂದಿನಿಂದ ಶಾಲೆಯಿಂದ ಬಂದ ಕೂಡಲೇ ಅಮ್ಮ ಇದ್ದಾಳಾ ಎಂದು ಮನೆಯಿಡೀ ಹುಡುಕುತ್ತದೆ. ಸಭೆಯಲ್ಲಿ ಯಾರಾದರೂ ಇದನ್ನು ನಿಜಕ್ಕೂ ಸಾಯುವ ಯೋಚನೆಯಿಂದಲೇ ಹೇಳುತ್ತಿರಬಹುದು. ಮುಗಿದ ಮೇಲೆ ಒಂಟಿಯಾಗಿ ಕೂರಿಸಿ ಕೇಳಿ.

ಮಗುವಿನಲ್ಲಿ ಗಮನಿಸಬೇಕಾದವು: ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಶಾಲೆಯ ದಿನವಷ್ಟೇ ಬರುವ ಹೊಟ್ಟೆನೋವು, ‘ಅಮ್ಮಾ ಕೋಪಾನಾ?’ ಎಂದು ಪದೇಪದೇ ಕೇಳುವುದು, ತಪ್ಪಿಲ್ಲದಿದ್ದರೂ ಕ್ಷಮೆ ಕೇಳುವುದು, ತನಗಿಂತ ಚಿಕ್ಕವರಿಗೆ ಅಥವಾ ನಾಯಿಬೆಕ್ಕಿಗೆ ಹಿಂಸೆ ಕೊಡುವುದು. ಸುಲಭವಾಗಿ ಕಣ್ತಪ್ಪುವುದು ಅತಿ ವಿಧೇಯ ಮಗು. ‘ಇವಳು ಸೊಲ್ಲೆತ್ತಲ್ಲ, ಬಂಗಾರ’ ಎಂದು ಹೊಗಳುವ ಮೊದಲು ಆ ಮಗು ಏನಾದರೂ ಬೇಕೆಂದು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ಯೋಚಿಸಲಿ. ಈ ಲಕ್ಷಣಗಳಿಗೆ ಮೂತ್ರದ ಸೋಂಕು, ಶಾಲೆಯಲ್ಲಿ ಕಾಟ, ಲೈಂಗಿಕ ದೌರ್ಜನ್ಯ ಹೀಗೆ ಬೇರೆ ಕಾರಣಗಳೂ ಇರುತ್ತವೆ. ಆದ್ದರಿಂದ ತೀರ್ಪು ಕೊಡಬೇಡಿ, ವೈದ್ಯರ ಬಳಿ ಕಳಿಸಿ.

ಮೂರನೇ ವಾರ: ಬದಲಿ ಮಾತು

‘ಹೀಗೆ ಮಾಡಬೇಡಿ’ ಎಂದು ಹೇಳಿ ನಿಲ್ಲಿಸಿದರೆ ಏನೂ ಬದಲಾಗುವುದಿಲ್ಲ. ಸಿಟ್ಟು ನೆತ್ತಿಗೇರಿದಾಗ ಬಾಯಿಗೆ ಬರುವುದು ರೂಢಿಯ ಮಾತು, ಹೊಸ ಮಾತೂ ರೂಢಿಯಾಗಿರಬೇಕು. ಆದ್ದರಿಂದ ಇವತ್ತು ಚರ್ಚೆ ಕಡಿಮೆ, ಅಭ್ಯಾಸ ಹೆಚ್ಚು. ಕನಿಷ್ಠ 50 ನಿಮಿಷ ಜೋಡಿಯಾಗಿ ಆಡಿಸಿ.

ಮೊದಲು ಒಬ್ಬರು ಕುಕ್ಕರುಗಾಲಲ್ಲಿ ಕೂರಲಿ, ಇನ್ನೊಬ್ಬರು ಎದುರಿಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ತಮ್ಮ ಚೀಟಿಯ ಮಾತನ್ನು ಹೇಳಲಿ. ಒಂದೇ ಸಲ ಸಾಕು. ಕೂತವರು ಹೇಗನ್ನಿಸಿತೆಂದು ಒಂದು ಮಾತಿನಲ್ಲಿ ಹೇಳಲಿ. ಗಂಡಹೆಂಡಿರನ್ನು, ಅತ್ತೆಸೊಸೆಯನ್ನು ಒಂದೇ ಜೋಡಿ ಮಾಡಬೇಡಿ. ಹಳೆಯ ಲೆಕ್ಕವೆಲ್ಲ ಅಲ್ಲಿ ಚುಕ್ತಾ ಆಗುತ್ತದೆ.

ಆಮೇಲೆ ಅದೇ ಸನ್ನಿವೇಶ, ಹೊಸ ಕ್ರಮದಲ್ಲಿ. ನಿಲ್ಲಿ: ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಹತ್ತಿರ ಹೋಗಿ: ಅಡುಗೆಮನೆಯಿಂದ ಕೂಗಿದ್ದು ಮಗುವಿಗೆ ಮಾತಲ್ಲ, ಬರೀ ಸದ್ದು. ಬಾಗಿ ಅಥವಾ ಕೂರಿ: ಕಣ್ಣಿಗೆ ಕಣ್ಣು ಸಮವಾಗಲಿ. ಕಂಡದ್ದನ್ನು ಹೇಳಿ: ‘ಲೆಕ್ಕ ಇನ್ನೂ ಮೂರು ಉಳಿದಿದೆ’. ಬೇಕಾದ್ದನ್ನು ಹೇಳಿ: ‘ಊಟಕ್ಕೆ ಮುಂಚೆ ಮುಗೀಬೇಕು’. ಒಂದು ಆಯ್ಕೆ ಕೊಡಿ: ‘ಇಲ್ಲಿ ಕೂತು ಮಾಡ್ತೀಯೋ, ಜಗಲಿ ಮೇಲೋ?’ ಅಲ್ಲಿಗೆ ಮುಗಿಸಿ ಹೊರಡಿ. ಹತ್ತು ಶಬ್ದ ದಾಟಿದ ವಾಕ್ಯ ಚಿಕ್ಕ ಮಕ್ಕಳಿಗೆ ತಲುಪುವುದಿಲ್ಲ. ಹೆಚ್ಚಿನವರು ಎಡವುವುದು ಕೊನೆಯ ಹೆಜ್ಜೆಯಲ್ಲಿ: ಎಲ್ಲ ಸರಿಯಾಗಿ ಹೇಳಿ, ಎದ್ದು ಹೋಗುವಾಗ ‘ನಿಂಗೆ ಹೇಳಿ ಏನ್ ಪ್ರಯೋಜನ’ ಎಂದು ಸೇರಿಸಿಬಿಡುತ್ತಾರೆ. ಜೋಡಿಯವರು ಅದನ್ನೇ ಕಾದು ಹಿಡಿಯಲಿ.

ಚೀಟಿಯ ಮಾತಿಗೆ ಬದಲಿಯನ್ನು ಅವರವರ ಆಡುಮಾತಿನಲ್ಲೇ ಬರೆಸಿ. ಧಾರವಾಡದ ತಾಯಿಗೆ ಮಂಡ್ಯದ ವಾಕ್ಯ ಕೊಟ್ಟರೆ ಅದು ಸಿಟ್ಟಿನ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ‘ಗುಮ್ಮ ಹಿಡ್ಕೊಂಡ್ ಹೋಗ್ತಾನೆ’ ಎಂಬುದರ ಜಾಗಕ್ಕೆ ‘ಹೊರಗೆ ಕತ್ತಲು, ಅದಕ್ಕೇ ಒಳಗೆ ಬಾ’. ‘ಅಣ್ಣನ್ನ ನೋಡಿ ಕಲಿ’ ಎಂಬುದಕ್ಕೆ ‘ಹೋದ ತಿಂಗಳು ಮಗ್ಗಿ ಐದರವರೆಗೆ ಬರ್ತಿತ್ತು, ಈಗ ಎಂಟರವರೆಗೆ’. ಮಗುವನ್ನು ಹೋಲಿಸುವುದಾದರೆ ಅದರ ನಿನ್ನೆಯ ಜೊತೆ ಹೋಲಿಸಿ. ಹೊಗಳುವುದಕ್ಕೂ ಕ್ರಮವಿದೆ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ ‘ನೀನು ಜಾಣ’ ಎನ್ನಿಸಿಕೊಂಡ ಮಕ್ಕಳು ಕಷ್ಟದ ಒಗಟುಗಳಲ್ಲಿ ಸೋತ ಮೇಲೆ ಬೇಗ ಕೈಬಿಟ್ಟರು, ಪ್ರಯತ್ನಕ್ಕೆ ಮೆಚ್ಚುಗೆ ಪಡೆದವರು ಪಟ್ಟು ಹಿಡಿದರು.

ಶಿಸ್ತಿನ ಪ್ರಶ್ನೆ ಇಲ್ಲಿ ಏಳುತ್ತದೆ, ಏಳಬೇಕು. ನಿಯಮ ಇರಲಿ, ತಪ್ಪಿದರೆ ಪರಿಣಾಮವೂ ಇರಲಿ. ಗೋಡೆಗೆ ಗೀಚಿದರೆ ಒರೆಸುವುದು, ಹೇಳಿದ ಹೊತ್ತು ಮೀರಿ ಟೀವಿ ನೋಡಿದರೆ ನಾಳೆ ಅಷ್ಟು ಹೊತ್ತು ಕಡಿತ. ಪರಿಣಾಮ ತಪ್ಪಿಗೆ ಸಂಬಂಧಪಟ್ಟಿರಬೇಕು, ಅವತ್ತೇ ಮುಗಿಯಬೇಕು. ಊಟ, ನಿದ್ದೆ, ಪ್ರೀತಿ ಈ ಮೂರನ್ನು ಶಿಕ್ಷೆಗೆ ಮುಟ್ಟುವಂತಿಲ್ಲ. ಮಗುವನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಕೂರಿಸುವುದಾದರೆ ದೊಡ್ಡವರು ಕಣ್ಣಿಗೆ ಕಾಣುವ ಜಾಗದಲ್ಲಿ, ಐದು ನಿಮಿಷದೊಳಗೆ. ಕತ್ತಲ ಕೋಣೆ, ಚಿಲಕ ಹಾಕಿದ ಬಾಗಿಲು ಎಂದಿಗೂ ಇಲ್ಲ.

ಮನೆಗೆಲಸ ಎರಡು: ಬದಲಿ ಮಾತು ಬಳಸಿದ ದಿನ ಕ್ಯಾಲೆಂಡರಿನಲ್ಲಿ ಬೇರೆ ಬಣ್ಣದ ಚುಕ್ಕೆ. ಜೊತೆಗೆ ದಿನಕ್ಕೆ ಹತ್ತು ನಿಮಿಷ ಮಗು ಹೇಳಿದ ಆಟ, ಫೋನಿಲ್ಲದೆ, ಪಾಠ ಹೇಳದೆ. ‘ಇದು ಯಾವ ಬಣ್ಣ ಹೇಳು’ ಎಂದು ಪರೀಕ್ಷೆ ಶುರುಮಾಡಿದರೆ ಆಟ ಕೆಟ್ಟಿತು.

ನಾಲ್ಕನೇ ವಾರ: ಬಾಯಿ ಜಾರಿದ ಮೇಲೆ

ಯಾರ ಗೀಟೂ ಸೊನ್ನೆಯಾಗಿರುವುದಿಲ್ಲ. ಸರಿಪಡಿಸಿಕೊಳ್ಳುವುದನ್ನು ಕಲಿಸಲು ಇದೇ ಸಮಯ. ಕ್ಷಮೆಗೆ ನಾಲ್ಕು ಭಾಗ: ನಾನು ಏನಂದೆ, ಅದು ತಪ್ಪು, ಅದಕ್ಕೆ ಕಾರಣ ನೀನಲ್ಲ, ಮುಂದಿನ ಸಲ ಏನು ಮಾಡುತ್ತೇನೆ. ‘ನಿನ್ನೆ ನಿನ್ನ ದಂಡ ಅಂದೆ. ಹಾಗನ್ನಬಾರದಿತ್ತು. ನಂಗೆ ಸುಸ್ತಾಗಿತ್ತು, ಅದು ನಿನ್ನ ತಪ್ಪಲ್ಲ. ಇನ್ನು ಸಿಟ್ಟು ಬಂದ್ರೆ ಹೊರಗೆ ಹೋಗಿ ಬರ್ತೀನಿ.’ ಮುಗಿಯಿತು. ‘ಆದ್ರೆ ನೀನೂ’ ಎಂದು ಶುರುಮಾಡಿದರೆ ಮೊದಲಿನದೆಲ್ಲ ಅಳಿಸಿಹೋಗುತ್ತದೆ. ಚಾಕೊಲೇಟ್ ಕೊಟ್ಟು ಮುಚ್ಚಿಹಾಕುವುದು ಕ್ಷಮೆಯಲ್ಲ. ಕ್ಷಮೆ ಕೇಳಿದರೆ ಮಕ್ಕಳು ತಲೆ ಮೇಲೆ ಕೂರುತ್ತಾರೆಂದು ಅಪ್ಪಂದಿರು ಹೇಳುತ್ತಾರೆ. ಒಂದು ಸಲ ಮಾಡಿ ನೋಡಿ ಮುಂದಿನ ಸಭೆಯಲ್ಲಿ ಹೇಳಿ ಎನ್ನಿ.

ನೆಂಟರ ಬಾಯಿಗೆ ಒಂದು ಸಿದ್ಧ ಉತ್ತರ ಎಲ್ಲರ ಬಳಿ ಇರಲಿ. ಮದುವೆ ಮನೆಯಲ್ಲಿ ಯಾರೋ ‘ಯಾಕೆ ಇಷ್ಟು ಕಪ್ಪಾಗಿದಾಳೆ’ ಎಂದರೆ, ಮಗುವಿಗೆ ಕೇಳುವಂತೆ ‘ನಮ್ಮ ಹುಡುಗಿ ಚೆನ್ನಾಗೇ ಇದಾಳೆ ಬಿಡಿ’. ಜಗಳ ಬೇಡ, ಆದರೆ ಅಮ್ಮ ಸುಮ್ಮನಿದ್ದಳೆಂಬ ನೆನಪೂ ಬೇಡ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿರುವವರಿಗೆ ಫಲಿತಾಂಶದ ದಿನದ ಮೊದಲ ವಾಕ್ಯವನ್ನು ಈಗಲೇ ಬರೆಸಿ. ‘ಎಷ್ಟೇ ಬರಲಿ, ಮೊದಲು ಊಟ ಮಾಡು, ಆಮೇಲೆ ಮುಂದಿನದು ನೋಡೋಣ’ ಎಂಬಷ್ಟು ಸಾಕು. ಫೇಲಾದರೆ ಅದೇ ವರ್ಷ ಮತ್ತೆ ಬರೆಯಲು ಅವಕಾಶವಿದೆ ಎಂಬುದನ್ನೂ ಫಲಿತಾಂಶಕ್ಕೆ ಮುಂಚೆಯೇ ಮಗುವಿಗೆ ತಿಳಿಸಿರಲಿ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬಾರದು.

ಕೂಟಕ್ಕೆ ನಿಲುಕದ್ದು

ಮಗು ಸಾಯುವ ಮಾತಾಡುತ್ತಿದ್ದರೆ, ಮೈ ಕುಯ್ದುಕೊಳ್ಳುತ್ತಿದ್ದರೆ, ಕೂಡಿಹಾಕುವುದು ಅಥವಾ ಊಟ ನಿಲ್ಲಿಸುವುದು ನಡೆಯುತ್ತಿದ್ದರೆ, ಮನೆಯಲ್ಲಿ ಕುಡಿತ ಹೊಡೆತ ಇದ್ದರೆ, ಹೆರಿಗೆಯಾದ ತಾಯಿ ವಾರಗಟ್ಟಲೆ ಕೂಸಿನತ್ತ ನೋಡದೆ ಅಳುತ್ತಿದ್ದರೆ ನಾಲ್ಕು ವಾರ ಕಾಯಬೇಡಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416. ಮೂರೂ ಉಚಿತ, ದಿನದ 24 ಗಂಟೆಯೂ ಇರುತ್ತವೆ. ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಮಗು ಮನೆಯಲ್ಲಿ ಸುರಕ್ಷಿತವಲ್ಲ ಎನ್ನಿಸಿದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮಗುವಿಗೆ ಮಾನಸಿಕ ನೋವುಂಟುಮಾಡುವ ಕ್ರೌರ್ಯವನ್ನೂ ಒಳಗೊಳ್ಳುತ್ತದೆ: ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಶುರುವಿಗೆ ಹೇಳಿದ ಪೋಕ್ಸೊ ನಿಯಮ ಬಿಟ್ಟು ಬೇರೆ ಕಾನೂನಿನ ಮಾತನ್ನು ಮೊದಲ ಸಭೆಯಲ್ಲೇ ಎತ್ತಿದರೆ ಬಾಯಿಗಳು ಮುಚ್ಚಿಕೊಳ್ಳುತ್ತವೆ, ಕೊನೆಗೆ ಇಡುವುದು ಅದಕ್ಕಾಗಿಯೇ.

ಒಂದು ತಿಂಗಳ ಮೇಲೆ 45 ನಿಮಿಷದ ಐದನೇ ಸಭೆ ಕರೆಯಿರಿ. ‘ಬದಲಾದಿರಾ?’ ಎಂದು ಕೇಳಬೇಡಿ, ಕ್ಯಾಲೆಂಡರಿನ ಹಾಳೆ ತರಲು ಹೇಳಿ. ಗೀಟು ಕಡಿಮೆಯಾಗದವರನ್ನು ಬೇರೆಯಾಗಿ ಕೂರಿಸಿ ನಿದ್ದೆ, ಸಾಲ, ಗಂಡನ ಕುಡಿತ, ಸ್ವಂತ ಆರೋಗ್ಯದ ಬಗ್ಗೆ ವಿಚಾರಿಸಿ. ಅಡ್ಡಿ ಹೆಚ್ಚಾಗಿ ಅಲ್ಲಿರುತ್ತದೆ. ಮುಂದಿನ ಗುಂಪಿಗೆ ಸಹಾಯಕರನ್ನು ಇವರಲ್ಲೇ ಇಬ್ಬರನ್ನು ಆರಿಸಿ. ಸಭೆಯಲ್ಲಿ ಚೆನ್ನಾಗಿ ಮಾತಾಡಿದವರಿಗಿಂತ, ಗೀಟು ತುಂಬಿದ ಹಾಳೆಯನ್ನು ಮಡಿಸಿಡದೆ ತಂದು ತೋರಿಸಿದವರು ಈ ಕೆಲಸಕ್ಕೆ ಒದಗುತ್ತಾರೆ.